ಮನೆಯ ಹಳೆಯ ಕತ್ತಿಗೆ ತುಕ್ಕು ಹಿಡಿದಿದೆಯಾ? ಉಜ್ಜುವ ಮುಂಚೆ ಇದನ್ನು ಓದಿ

ಆಯುಧಪೂಜೆಗೆ ಇನ್ನು ಎರಡು ವಾರ ಇದೆ ಅನ್ನುವಾಗ ನನ್ನ ಫೋನಿಗೆ ಕತ್ತಿಗಳ ಫೋಟೊ ಬರಲು ಶುರುವಾಗುತ್ತದೆ. ಅಜ್ಜನ ಕಾಲದ ಕತ್ತಿ, ಅಟ್ಟದಲ್ಲಿ ಸಿಕ್ಕ ಬಾಕು, ದೇವರ ಕೋಣೆಯ ಮೂಲೆಯಲ್ಲಿ ನಿಂತ ಈಟಿ. ಅರ್ಧ ಜನ ಹೇಗೆ ಕ್ಲೀನ್ ಮಾಡಲಿ ಅಂತ ಕೇಳುತ್ತಾರೆ. ಇನ್ನರ್ಧ ಜನ ಆಗಲೇ ತೊಳೆದು, ಉಜ್ಜಿ, ಫಳಫಳ ಮಾಡಿ ಮುಗಿಸಿರುತ್ತಾರೆ. ಅವರ ಪ್ರಶ್ನೆ ಬೇರೆ: "ಮೂರೇ ವಾರಕ್ಕೆ ಮತ್ತೆ ಕೆಂಪಾಯ್ತಲ್ಲ, ಯಾಕೆ?"

ಯಾಕೆ ಅಂದರೆ ಕೆಲಸದ ಕ್ರಮ ತಪ್ಪಿರುತ್ತದೆ. ಎಲ್ಲರೂ ಉಜ್ಜುವುದರಿಂದ ಶುರು ಮಾಡುತ್ತಾರೆ. ಉಜ್ಜುವುದು ಇದರಲ್ಲಿ ಆರನೇ ಹಂತ. ಅದಕ್ಕಿಂತ ಮುಂಚಿನ ಐದು ಹಂತ ಬಿಟ್ಟರೆ ತುಕ್ಕಿನ ಜೊತೆಗೆ ಕತ್ತಿಯೂ ಹೋಗುತ್ತದೆ.

ನಮ್ಮ ಮನೆಯಲ್ಲೇ ಹಾಗಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪ ಮನೆಯ ಕತ್ತಿಯನ್ನು ಪೇಟೆಯ ಒಂದು ಸಾಣೆ ಅಂಗಡಿಗೆ ಕೊಟ್ಟರು. ಸಂಜೆ ವಾಪಸ್ ಬಂದಾಗ ಅದು ಅಡುಗೆಮನೆಯ ಈಳಿಗೆಯಂತೆ ಬೆಳ್ಳಗಿತ್ತು. ಹಿಡಿಯ ಕೆಳಗೆ, ಅಲಗಿನ ಬೆನ್ನಿನ ಪಕ್ಕದಲ್ಲಿ, ಬೆರಳಲ್ಲಿ ಮುಟ್ಟಿದರೆ ತಿಳಿಯುವಂತಹ ನಾಲ್ಕೈದು ಅಕ್ಷರಗಳಿದ್ದವು. ಅವು ಇರಲಿಲ್ಲ. ಅಲ್ಲಿ ಏನು ಬರೆದಿತ್ತು ಅಂತ ಯಾರೂ ಎಂದೂ ಓದಿ ಬರೆದಿಟ್ಟಿರಲಿಲ್ಲ. ಈಗ ಓದಲು ಸಾಧ್ಯವೂ ಇಲ್ಲ. ಈ ಮಾರ್ಗದರ್ಶಿಯ ಒಂದೊಂದು ಹಂತವನ್ನೂ ನಾನು ಆ ಜಾಗವನ್ನು ನೆನಪಿಟ್ಟುಕೊಂಡೇ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗುರಿ ಹೊಳಪಲ್ಲ. ತುಕ್ಕು ಬೆಳೆಯುವುದನ್ನು ನಿಲ್ಲಿಸುವುದು, ಉಳಿದಿದ್ದೆಲ್ಲ ಹಾಗೇ ಇರುವಂತೆ ನೋಡಿಕೊಳ್ಳುವುದು. ಹಳೆಯ ಕತ್ತಿ ಕಪ್ಪಗೆ, ಕಂದಾಗಿ ಇರುವುದು ರೋಗವಲ್ಲ.

## ಹಂತ 1: ಕೈ ಹಾಕಬಾರದ್ದು ಯಾವುದು ಅಂತ ಮೊದಲು ತಿಳಿಯಿರಿ

ಈ ಮಾರ್ಗದರ್ಶಿ ಕತ್ತಿ, ಕಠಾರಿ, ಬಾಕು, ಈಟಿ ಮೊನೆ, ಕೊಡಗಿನ ಪೀಚೆಕತ್ತಿ, ಒಡಿಕತ್ತಿ ಇಂಥವಕ್ಕೆ ಮಾತ್ರ. ಮೂರು ಬಗೆಯ ವಸ್ತುಗಳನ್ನು ಮನೆಯಲ್ಲಿ ಮುಟ್ಟಬೇಡಿ.

ಹಳೆಯ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗಳಲ್ಲಿ ಎಷ್ಟೋ ಸಲ ಮದ್ದು, ಗುಂಡು ಹಾಗೇ ಉಳಿದಿರುತ್ತವೆ. ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಸಾಯುವುದಿಲ್ಲ. ಒಳಗೆ ಕಡ್ಡಿ ಹಾಕಿ ತಿವಿಯಬೇಡಿ. ಬಿಸಿ ಮಾಡಬೇಡಿ. ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡಿ. ಪರವಾನಗಿ ಇರುವ ಬಂದೂಕು ರಿಪೇರಿಯವರನ್ನು ಕರೆಸಿ, ಖಾಲಿ ಇದೆ ಅಂತ ಖಚಿತ ಮಾಡಿಸಿ.

ಮಣ್ಣಿನಲ್ಲಿ, ಬಾವಿಯಲ್ಲಿ ಸಿಕ್ಕಿದ್ದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಣಗಿದ ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದ್ದು ನೆನಪಿರಬಹುದು. ಹಾಗೆ ನೆಲದೊಳಗೆ ಇದ್ದ ಕಬ್ಬಿಣ ಉಪ್ಪನ್ನು ಹೀರಿಕೊಂಡಿರುತ್ತದೆ. ಗಾಳಿಗೆ ಬಂದ ಮೇಲೆ ಪದರ ಪದರವಾಗಿ ಒಡೆಯುತ್ತದೆ. ಮನೆಯಲ್ಲಿ ಅದಕ್ಕೆ ಮದ್ದಿಲ್ಲ. ಅದು ನಿಮ್ಮದೂ ಅಲ್ಲ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಕಣ್ಣೀರು ಸುರಿಸುವ ಕಬ್ಬಿಣ. ಮಳೆಗಾಲದಲ್ಲಿ ಅಲಗಿನ ಮೇಲೆ ಕಿತ್ತಳೆ ಬಣ್ಣದ ಸಣ್ಣ ಹನಿಗಳು ಎದ್ದಿದ್ದರೆ ಒಳಗೆ ಉಪ್ಪು ಸೇರಿದೆ ಅಂತ ಅರ್ಥ. ಕರಾವಳಿ ಮನೆಗಳಲ್ಲಿ ಇದು ಜಾಸ್ತಿ. ಒಣಗಿಸಿ, ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು, ಪರಿಣತರಿಗೆ ತೋರಿಸಿ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ.

ಕಾನೂನಿನ ವಿಷಯ ಚುಟುಕಾಗಿ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮಗಳ ಒಳಗೆ ಬರುತ್ತದೆ. ನಿಮ್ಮ ಊರಿಗೆ ಅದು ಹೇಗೆ ಅನ್ವಯಿಸುತ್ತದೆ ಅಂತ ಠಾಣೆಯಲ್ಲಿ ಕೇಳಿಕೊಳ್ಳಿ. ಸುಮ್ನೆ ಬಸ್ಸಿನಲ್ಲಿ ಹಿಡಿದುಕೊಂಡು ಹೋಗಬೇಡಿ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆ. ನೂರು ವರ್ಷ ದಾಟಿದ ವಸ್ತುವನ್ನು ವಿದೇಶಕ್ಕೆ ಒಯ್ಯುವಂತಿಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗ ಕೇಳಿದ ಅಂತ ಸೂಟ್‌ಕೇಸಿಗೆ ಹಾಕಿದರೆ ಏರ್‌ಪೋರ್ಟಿನಲ್ಲಿ ಕತ್ತಿಯೂ ಹೋಗುತ್ತದೆ, ಕೇಸೂ ಆಗುತ್ತದೆ.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ಅರ್ಧ ಕೆಲಸವಾದ ಮೇಲೆ ಅಂಗಡಿಗೆ ಓಡಬಾರದು. ತುಕ್ಕು ತೆಗೆದ ಕಬ್ಬಿಣ ಬರಿಮೈಯಲ್ಲಿ ಒಂದು ರಾತ್ರಿ ಇದ್ದರೂ ಮಳೆಗಾಲದಲ್ಲಿ ಮತ್ತೆ ಕೆಂಪಾಗುತ್ತದೆ. ಇವಿಷ್ಟು ಮೊದಲೇ ಇರಲಿ:

- ನೈಟ್ರೈಲ್ ಕೈಗವಸು, ಧೂಳಿನ ಮಾಸ್ಕ್
- ಭೂತಗನ್ನಡಿ ಮತ್ತು ಒಂದು ಸಣ್ಣ ಆಯಸ್ಕಾಂತ
- ಹಳೆಯ ಬಿಳಿ ಕಾಟನ್ ಪಂಚೆಯ ತುಂಡುಗಳು, ಜಾಸ್ತಿಯೇ ಇರಲಿ
- ಮೆತ್ತನೆಯ ಪೇಂಟ್ ಬ್ರಷ್, ಮೆತ್ತನೆಯ ಹಲ್ಲುಜ್ಜುವ ಬ್ರಷ್
- ಬಿದಿರಿನ ಕಡ್ಡಿಗಳು, ತುದಿಯನ್ನು ಉಳಿಯಂತೆ ಚಪ್ಪಟೆಯಾಗಿ ಕೆತ್ತಿದ್ದು
- ಮಿನರಲ್ ಟರ್ಪೆಂಟೈನ್
- ಹೊಲಿಗೆ ಯಂತ್ರದ ಎಣ್ಣೆ
- ನಾಲ್ಕು ಸೊನ್ನೆಯ, ಅಂದರೆ 0000 ನಂಬರಿನ ಸ್ಟೀಲ್ ವುಲ್
- ಮೈಕ್ರೋಕ್ರಿಸ್ಟಲೈನ್ ಮೇಣ. ರಿನೈಸಾನ್ಸ್ ವ್ಯಾಕ್ಸ್ ಅನ್ನುವ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ
- ಸಿಲಿಕಾ ಜೆಲ್

ಪಾತ್ರೆ ಉಜ್ಜುವ ಸ್ಟೀಲ್ ನಾರು ಸ್ಟೀಲ್ ವುಲ್ ಅಲ್ಲ. ಅದು ಅಲಗನ್ನು ಗೀರುತ್ತದೆ. ಸ್ಟೀಲ್ ವುಲ್‌ಗೂ ಕಾರ್ಖಾನೆಯ ಜಿಡ್ಡು ಅಂಟಿರುತ್ತದೆ, ಒಮ್ಮೆ ಟರ್ಪೆಂಟೈನ್‌ನಲ್ಲಿ ಅದ್ದಿ ಒಣಗಿಸಿ ಬಳಸಿ.

ಈಗ ಮನೆಯಲ್ಲಿ ಕೈಗೆ ಸಿಗುವ, ಆದರೆ ಹತ್ತಿರವೂ ತರಬಾರದ ಸಾಮಾನು: ಹುಣಸೆಹಣ್ಣು, ನಿಂಬೆ, ವಿನೆಗರ್, ಬೂದಿ, ಪಾತ್ರೆ ಪುಡಿ, ಟಾಯ್ಲೆಟ್ ಕ್ಲೀನರ್, ಮರಳು ಕಾಗದ, ಗ್ರೈಂಡರ್, ತಂತಿ ಬ್ರಷ್. ಹುಳಿ ತುಕ್ಕನ್ನು ತಿನ್ನುತ್ತದೆ, ನಿಜ. ಆದರೆ ತುಕ್ಕು ಮುಗಿದ ಮೇಲೆ ಅದು ನಿಲ್ಲುವುದಿಲ್ಲ, ಕಬ್ಬಿಣಕ್ಕೆ ಬಾಯಿ ಹಾಕುತ್ತದೆ. ಸಣ್ಣ ಗುಳಿಗಳಲ್ಲಿ ಉಳಿದುಕೊಂಡ ಹುಳಿ ಎಷ್ಟು ತೊಳೆದರೂ ಹೋಗುವುದಿಲ್ಲ. "ಮೂರೇ ವಾರಕ್ಕೆ ಮತ್ತೆ ಕೆಂಪಾಯ್ತು" ಅನ್ನುವವರಲ್ಲಿ ಹೆಚ್ಚಿನವರು ಹುಣಸೆಹಣ್ಣು ಹಾಕಿ ಉಜ್ಜಿದವರೇ.

ಕಾಲವೂ ಒಂದು ಸಾಮಾನೇ. ಜನವರಿಯಿಂದ ಮಾರ್ಚ್‌ವರೆಗೆ ಗಾಳಿ ಒಣಗಿರುತ್ತದೆ, ಆಗ ಮಾಡಿ. ಪೂಜೆಯ ಹಿಂದಿನ ದಿನ ಕೂತರೆ ಅವಸರವಾಗುತ್ತದೆ, ಅವಸರದಲ್ಲಿ ಕೈ ಮರಳು ಕಾಗದದ ಕಡೆಗೇ ಹೋಗುತ್ತದೆ.

## ಹಂತ 3: ನೋಡಿ, ಫೋಟೊ ತೆಗೆಯಿರಿ, ಬರೆದಿಡಿ

ಇದನ್ನು ಬಿಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಕತ್ತಿ ಮಲಗಿಸಿ. ಎರಡೂ ಮಗ್ಗುಲು, ಬೆನ್ನು, ಬಾಯಿ, ಮೊನೆ, ಹಿಡಿ, ಒರೆ ಎಲ್ಲದರ ಫೋಟೊ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇರಲಿ. ಆಮೇಲೆ ಲೈಟ್ ಆರಿಸಿ, ಟಾರ್ಚನ್ನು ಅಲಗಿಗೆ ಒರಗಿಸಿದಂತೆ ಓರೆಯಾಗಿ ಹಿಡಿದು ಇನ್ನೊಂದು ಸುತ್ತು ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ, ಮುದ್ರೆ, ಗೆರೆ ಓರೆ ಬೆಳಕಿನಲ್ಲಿ ನೆರಳು ಬಿಟ್ಟು ಎದ್ದು ಬರುತ್ತವೆ. ಅಕ್ಷರಗಳು ಸಾಮಾನ್ಯವಾಗಿ ಹಿಡಿಯಿಂದ ಒಂದು ಗೇಣಿನ ಒಳಗೆ, ಬೆನ್ನಿಗೆ ಹತ್ತಿರ ಇರುತ್ತವೆ. ಹಿಡಿಯ ತಟ್ಟೆಯ ಒಳಬದಿಯನ್ನೂ ನೋಡಿ.

ಹುಡುಕಬೇಕಾದ್ದು ಮೂರು.

ಒಂದು, ಚಿನ್ನ ಬೆಳ್ಳಿಯ ಕೆಲಸ. ಕಬ್ಬಿಣದ ಮೇಲೆ ಸಣ್ಣದಾಗಿ ಗೀರು ಹಾಕಿ, ಅದರ ಮೇಲೆ ಕೂದಲೆಳೆಯಂತಹ ಚಿನ್ನದ ತಂತಿ ಬಡಿದು ಕೂರಿಸಿರುತ್ತಾರೆ. ಕೋಫ್ತಗಾರಿ ಅನ್ನುತ್ತಾರೆ. ಅದು ಬರೀ ಮೇಲ್ಮೈಯಲ್ಲಿ ಕೂತ ಚಿನ್ನ, ಸ್ಟೀಲ್ ವುಲ್ ನಾಲ್ಕು ಸಲ ಓಡಾಡಿದರೆ ಮುಗಿಯಿತು. ಭೂತಗನ್ನಡಿಯಲ್ಲಿ ತುಕ್ಕಿನ ನಡುವೆ ಒಂದು ಹಳದಿ ಚುಕ್ಕೆ ಕಂಡರೂ ಆ ಜಾಗ ಪರಿಣತರಿಗೆ ಬಿಡಿ.

ಎರಡು, ನೀರಿನ ಅಲೆಯಂತಹ ಗೆರೆಗಳು. ಮೂಸೆಯಲ್ಲಿ ಕರಗಿಸಿ ಮಾಡಿದ ಹಳೆಯ ಉಕ್ಕಿನ ಗುರುತು ಅದು. ಇಂಗ್ಲಿಷಿನವರು ವೂಟ್ಜ್ ಅಂತ ಕರೆದ ಉಕ್ಕು ಇದೇ. ಸಾಣೆ ಕೊಟ್ಟರೆ ಗೆರೆಗಳು ಕಾಣದಂತಾಗುತ್ತವೆ.

ಮೂರು, ಯಾವ ತುಕ್ಕು. ಬಿಳಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಕಿತ್ತಳೆ ಪುಡಿ ಬಂದರೆ ಅದು ಜೀವಂತ ತುಕ್ಕು. ಕಪ್ಪಗೆ ಗಟ್ಟಿಯಾಗಿ, ನುಣ್ಣಗೆ ಇದ್ದು ಬಟ್ಟೆಗೆ ಏನೂ ಅಂಟದಿದ್ದರೆ ಅದು ಶಾಂತವಾದ ಪದರ. ಕಬ್ಬಿಣವನ್ನು ಅದೇ ಕಾಯುತ್ತಿದೆ. ಅನುಮಾನವಿದ್ದರೆ ಕತ್ತಿಯನ್ನು ಬಿಳಿ ಕಾಗದದ ಮೇಲೆ ಒಂದು ವಾರ ಅಲುಗಿಸದೆ ಇಡಿ. ಕೆಳಗೆ ಹೊಸ ಪುಡಿ ಉದುರಿದ್ದರೆ ತುಕ್ಕು ಇನ್ನೂ ಬೆಳೆಯುತ್ತಿದೆ.

ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಉದ್ದ, ಅಗಲ, ತೂಕ, ಯಾರ ಮನೆಯದು, ಯಾರ ಕೈಯಿಂದ ಬಂತು, ಎಲ್ಲಿ ಏನು ಕಂಡಿತು, ಯಾವ ತಾರೀಕು. ಮುಂದೆ ಏನೇ ಹಚ್ಚಿದರೂ ಅದರ ಹೆಸರು ಅದೇ ಹಾಳೆಗೆ ಸೇರಲಿ. ಆ ಹಾಳೆ, ಫೋಟೊ ಎರಡನ್ನೂ ಮನೆಯ ಎಲ್ಲರಿಗೂ ಸಿಗುವ ಒಂದು ಫೋಲ್ಡರಿಗೆ ಹಾಕಿ. ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ಒಂದೇ ಒಕ್ಕದ (ಕುಲದ) ಕತ್ತಿಗಳು ನಾಲ್ಕು ಊರಿಗೆ ಹಂಚಿಹೋಗಿರುತ್ತವೆ. ಒಂದೇ ನಮೂನೆಯಲ್ಲಿ ಎಲ್ಲರೂ ಬರೆದರೆ ಯಾವುದರ ಒರೆ ಯಾರ ಮನೆಯಲ್ಲಿದೆ ಅನ್ನುವುದೂ ಗೊತ್ತಾಗುತ್ತದೆ. ನನ್ನ ಸ್ನೇಹಿತರೊಬ್ಬರ ಮನೆಯ ಒಡಿಕತ್ತಿಗೆ ಅದರ ತೊಡಂಗ್, ಅಂದರೆ ಬೆನ್ನ ಹಿಂದೆ ಕತ್ತಿ ಸಿಕ್ಕಿಸುವ ಕೊಕ್ಕೆ, ಸಿಕ್ಕಿದ್ದು ಹೀಗೆಯೇ.

## ಹಂತ 4: ಒಣ ಕೆಲಸ

ನೀರಿಲ್ಲ, ಅಲಗಿಗೆ ಎಣ್ಣೆಯೂ ಇಲ್ಲ. ಪೇಂಟ್ ಬ್ರಷ್‌ನಿಂದ ಧೂಳು ಜಾಡಿಸಿ. ಜೇಡರ ಬಲೆ, ಹುಳದ ಗೂಡು, ಒಣಗಿದ ಹೂವಿನ ಎಸಳು ತೆಗೆಯಿರಿ. ಧೂಳಿನ ಮೇಲೆ ಎಣ್ಣೆ ಹಾಕಿದರೆ ಅದು ಮರಳು ಕಾಗದದ ಕೆಲಸ ಮಾಡುತ್ತದೆ.

ಒರೆಯಿಂದ ಕತ್ತಿ ಬರದಿದ್ದರೆ ಎಳೆದಾಡಬೇಡಿ. ತುಕ್ಕು ಉಬ್ಬಿ ಒಳಗೆ ಕಚ್ಚಿಕೊಂಡಿರುತ್ತದೆ. ಒರೆಯ ಬಾಯಿಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ, ಆಮೇಲೆ ಅಲುಗಾಡಿಸದೆ ನೇರವಾಗಿ ಎಳೆಯಿರಿ. ಎಳೆಯುವಾಗ ಒರೆಯ ಬಾಯಿ ಕಡೆ ಬೆರಳು ಸುತ್ತಿ ಹಿಡಿಯಬಾರದು. ಹಳೆಯ ಒರೆಯ ಹೊಲಿಗೆ ಬಿಟ್ಟಿರುತ್ತದೆ, ಅಲಗು ಪಕ್ಕದಿಂದ ಹೊರಬಂದು ಬೆರಳು ಸೀಳುತ್ತದೆ. ಎರಡು ಮೂರು ದಿನವಾದರೂ ಬರದಿದ್ದರೆ ನಿಲ್ಲಿಸಿ, ಪರಿಣತರಿಗೆ ತೋರಿಸಿ.

## ಹಂತ 5: ಪೂಜೆಯ ಪದರ ಮತ್ತು ಹಳೆಯ ಎಣ್ಣೆ

ನಮ್ಮ ಕಡೆಯ ಕತ್ತಿಗಳ ಮೇಲೆ ತುಕ್ಕಿಗಿಂತ ಮೊದಲು ಸಿಗುವುದು ಪೂಜೆಯ ಪದರ. ವರ್ಷ ವರ್ಷ ಹಚ್ಚಿದ ಅರಿಶಿನ, ಕುಂಕುಮ, ಗಂಧ, ಅದರ ಮೇಲೆ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ. ಒದ್ದೆ ಗಂಧದ ಬೊಟ್ಟು ಒಣಗಿದ ಮೇಲೂ ಗಾಳಿಯ ಪಸೆಯನ್ನು ಹಿಡಿದಿಡುತ್ತದೆ. ಬೊಟ್ಟು ಕೆರೆದು ನೋಡಿ, ಅದರ ಕೆಳಗೆ ದುಂಡಗೆ ಅಷ್ಟೇ ಗಾತ್ರದ ತುಕ್ಕಿನ ಗುಳಿ ಇರುತ್ತದೆ. ಒಂದು ಮನೆಯ ಕತ್ತಿಯ ಮೇಲೆ ನಾನು ಸಾಲಾಗಿ ಏಳು ಗುಳಿ ನೋಡಿದ್ದೇನೆ, ಅಳತೆ ಹಿಡಿದು ಇಟ್ಟಂತೆ. ಪ್ರತಿ ವರ್ಷ ಅದೇ ಜಾಗಕ್ಕೆ ಬೊಟ್ಟು ಇಡುತ್ತಿದ್ದರು.

ಅಡುಗೆ ಎಣ್ಣೆಗಳ ಕಥೆಯೂ ಅಷ್ಟೆ. ಎಳ್ಳೆಣ್ಣೆ ನಿಧಾನಕ್ಕೆ ಅಂಟಾಗಿ ಧೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಕಮಟು ಹಿಡಿದು ಹುಳಿಯಾಗುತ್ತದೆ, ಹಿತ್ತಾಳೆಗೆ ತಾಗಿದರೆ ಹಸಿರು ಕಿಲುಬು ಬರುತ್ತದೆ.

ಕಿಟಕಿ ತೆರೆದಿಡಿ, ದೀಪ, ಊದುಬತ್ತಿ, ಒಲೆ ಹತ್ತಿರ ಬೇಡ. ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ತೆಗೆದುಕೊಂಡು ಅಲಗಿನ ಮೇಲೆ ಇಟ್ಟು ಎರಡು ನಿಮಿಷ ಬಿಡಿ. ಜಿಡ್ಡು ಮೆತ್ತಗಾದ ಮೇಲೆ ಒರೆಸಿ. ಗಟ್ಟಿ ಕುಂಕುಮವನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಬಟ್ಟೆ ಕಂದಾದ ಕೂಡಲೇ ಬದಲಿಸಿ.

ಒರೆಸುವ ರೀತಿ ಮುಖ್ಯ. ಬೆನ್ನಿನ ಕಡೆಯಿಂದ ಹಿಡಿದು, ಹಿಡಿಯಿಂದ ಮೊನೆಯ ಕಡೆಗೆ ಮಾತ್ರ ಒರೆಸಿ. ಬಾಯಿಯನ್ನು ಬಟ್ಟೆಯಲ್ಲಿ ಮಡಚಿ ಹಿಡಿದು ಎಳೆಯಬೇಡಿ. ಮೊಂಡಾಗಿದೆ ಅಂದುಕೊಂಡ ಕತ್ತಿಯೇ ಕೈ ಕುಯ್ಯುವುದು.

ಹಿಡಿಯಿಂದ ಎರಡು ಇಂಚು ದೂರದಲ್ಲೇ ನಿಲ್ಲಿಸಿ. ಉತ್ತರದ ತಲ್ವಾರ್ ಬಗೆಯ ಕತ್ತಿಗಳಲ್ಲಿ ಅಲಗಿನ ಬಾಲವನ್ನು ಟೊಳ್ಳು ಹಿಡಿಯೊಳಗೆ ಅರಗು ತುಂಬಿ ಕೂರಿಸಿರುತ್ತಾರೆ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಬಿಸಿನೀರಿಗೆ ಮೆತ್ತಗಾಗುತ್ತದೆ. ನೀರು ಒಳಗೆ ಹೋದರೆ ಹೊರಗೆ ಬರುವುದಿಲ್ಲ, ಒಳಗೊಳಗೇ ಬಾಲ ತಿನ್ನುತ್ತದೆ. ಕುದಿಯುವ ನೀರು ಸುರಿದು ತೊಳೆದವರ ಮನೆಯಲ್ಲಿ ಹಿಡಿ ಕೈಯಲ್ಲಿ, ಅಲಗು ಬಚ್ಚಲಲ್ಲಿ ಬಿದ್ದದ್ದನ್ನು ಕಂಡಿದ್ದೇನೆ. ಹಿಡಿ ಅಲುಗಾಡುತ್ತಿದ್ದರೆ ಫೆವಿಕ್ವಿಕ್, ಎಂ-ಸೀಲ್ ಹಾಕಬೇಡಿ. ಹಾಕಿದ್ದನ್ನು ಮುಂದೆ ಯಾರಿಗೂ ಬಿಡಿಸಲು ಆಗುವುದಿಲ್ಲ.

## ಹಂತ 6: ಎಣ್ಣೆ, ಬಿದಿರು, ತಾಳ್ಮೆ

ಈಗ ತುಕ್ಕಿನ ಸರದಿ.

ಮೊದಲು ಪರೀಕ್ಷೆಗೆ ಒಂದು ಜಾಗ. ಎಲ್ಲರೂ ಹಿಡಿಯ ಬುಡದಲ್ಲಿ, ಕಣ್ಣಿಗೆ ಕಾಣದ ಕಡೆ ನೋಡಿ ಅನ್ನುತ್ತಾರೆ. ಕತ್ತಿಯ ವಿಷಯದಲ್ಲಿ ಅದು ತಪ್ಪು, ಯಾಕಂದ್ರೆ ಅಕ್ಷರ, ಚಿನ್ನ, ಮುದ್ರೆ ಇರುವುದೇ ಅಲ್ಲಿ. ಅಲಗಿನ ನಡುಭಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಆರಿಸಿ.

ಅಲ್ಲಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಒಂದು ದಿನ ಬಿಡಿ. ಮರುದಿನ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಕಂದುಬಣ್ಣಕ್ಕೆ ತಿರುಗಿರುತ್ತದೆ. ಅಷ್ಟರಲ್ಲೇ ಕೆಂಪು ಪುಡಿ ಅರ್ಧ ಹೋಗಿರುತ್ತದೆ. ಮತ್ತೆ ಎಣ್ಣೆ, ಮತ್ತೆ ಒಂದು ದಿನ. ಈ ಬಾರಿ ಬಿದಿರಿನ ಚಪ್ಪಟೆ ತುದಿಯನ್ನು ಅಲಗಿಗೆ ಬಹುತೇಕ ಮಲಗಿಸಿ ಹಿಡಿದು ತಳ್ಳಿ. ಸಡಿಲವಾದ ತುಕ್ಕು ಹಕ್ಕಳೆಯಂತೆ ಏಳುತ್ತದೆ. ಬಿದಿರು ಕಬ್ಬಿಣಕ್ಕಿಂತ ಮೆತ್ತಗೆ, ತುಕ್ಕಿನ ಪುಡಿಗಿಂತ ಗಟ್ಟಿ. ಅದಕ್ಕೇ ಅದು ಗೀರುವುದಿಲ್ಲ. ತುದಿ ಸವೆದರೆ ಮತ್ತೆ ಕೆತ್ತಿ.

ಬಿದಿರಿಗೆ ಬರದ್ದಕ್ಕೆ ಮಾತ್ರ ಸ್ಟೀಲ್ ವುಲ್. ಉಗುರಿನಷ್ಟು ತುಂಡು, ಎಣ್ಣೆಯಲ್ಲಿ ತೋಯಿಸಿ, ಒಂದೇ ಬೆರಳಿನಲ್ಲಿ, ಅಲಗಿನ ಉದ್ದಕ್ಕೆ. ಗುಂಡಗೆ ತಿರುಗಿಸಬೇಡಿ, ಸುಳಿ ಗೀರು ಬೀಳುತ್ತದೆ. ಹತ್ತು ಸಲ ಓಡಿಸಿ, ಒರೆಸಿ, ಭೂತಗನ್ನಡಿಯಲ್ಲಿ ನೋಡಿ. ಮತ್ತೆ ಹತ್ತು. ಎಣ್ಣೆಯಿಲ್ಲದೆ ಒಣ ಸ್ಟೀಲ್ ವುಲ್ ಎಂದಿಗೂ ಬೇಡ.

ಪರೀಕ್ಷೆ ಜಾಗ ಚೆನ್ನಾಗಿ ಬಂದರೆ ಅಲಗನ್ನು ಎರಡೆರಡು ಇಂಚಿನ ತುಂಡುಗಳಾಗಿ ಮನಸ್ಸಿನಲ್ಲೇ ಭಾಗ ಮಾಡಿಕೊಳ್ಳಿ. ಒಂದು ಕೂರಿಗೆ ಎರಡು ಮೂರು ತುಂಡು ಸಾಕು. ನನಗೆ ಒಂದು ಸಾಧಾರಣ ಕತ್ತಿಗೆ ಆರೇಳು ಸಂಜೆ ಬೇಕಾಗುತ್ತದೆ. ಒಂದೇ ದಿನ ಮುಗಿಸಿದೆ ಅನ್ನುವವರ ಕತ್ತಿಯನ್ನು ನಾನು ನೋಡಲು ಹೆದರುತ್ತೇನೆ. ದಿನದ ಕೆಲಸ ಮುಗಿದಾಗ ತೆರೆದ ಭಾಗದ ಮೇಲೆ ತೆಳ್ಳಗೆ ಎಣ್ಣೆ ಸವರಿ ಮುಚ್ಚಿಡಿ.

ಹೊಸ ಬಟ್ಟೆಯ ಮೇಲೆ ಬಣ್ಣ ನೋಡುತ್ತಿರಿ, ಅದೇ ಮಾತಾಡುತ್ತದೆ. ಕಿತ್ತಳೆ ಬರುತ್ತಿದ್ದರೆ ಕೆಲಸ ಇದೆ. ಕಂದು ಬಂದರೆ ಹತ್ತಿರ ಬಂದಿದ್ದೀರಿ. ಬೂದುಗಪ್ಪು ಬಂದರೆ ನಿಲ್ಲಿಸಿ, ಈಗ ನೀವು ಕಬ್ಬಿಣವನ್ನೇ ಉಜ್ಜುತ್ತಿದ್ದೀರಿ.

ತಕ್ಷಣ ಕೈ ತೆಗೆಯಬೇಕಾದ ಇನ್ನೂ ಕೆಲವು ಸೂಚನೆಗಳು: ಹಳದಿ ಅಥವಾ ಬಿಳಿ ಲೋಹದ ಮಿಣುಕು ಕಂಡರೆ, ಲೋಹ ಹಪ್ಪಳದ ಪದರದಂತೆ ಎದ್ದರೆ, ಬಾಯಿಯ ಅಂಚಿನಲ್ಲಿ ಕೂದಲಿನಂತಹ ಸೀಳು ಕಂಡರೆ, ಗುಳಿ ಆಳವಾಗಿ ಆಚೆ ಬದಿಗೆ ಬೆಳಕು ಬಿಟ್ಟರೆ.

ಗುಳಿಯ ತಳದಲ್ಲಿ ಕಪ್ಪು ಉಳಿಯುತ್ತದೆ. ಉಳಿಯಲಿ. ಅದನ್ನೂ ಬೆಳ್ಳಗೆ ಮಾಡಬೇಕಾದರೆ ಸುತ್ತಲಿನ ಒಳ್ಳೆಯ ಉಕ್ಕನ್ನು ಗುಳಿಯ ಮಟ್ಟಕ್ಕೆ ಇಳಿಸಬೇಕಾಗುತ್ತದೆ. ನಮ್ಮ ಮನೆಯ ಅಕ್ಷರಗಳು ಹೋಗಿದ್ದು ಹಾಗೇ.

## ಹಂತ 7: ಹಿಡಿ ಮತ್ತು ಒರೆ

ಆಯಸ್ಕಾಂತ ಈಗ ಬೇಕು. ಬೆಳ್ಳಿ ಅಂದುಕೊಂಡ ಹಿಡಿಗೆ ಆಯಸ್ಕಾಂತ ಅಂಟಿದರೆ ಅದು ಕಬ್ಬಿಣದ ಮೇಲೆ ಹೊದಿಸಿದ ತೆಳು ಬೆಳ್ಳಿ. ಉಜ್ಜಿದರೆ ಸವೆಯುತ್ತದೆ.

ಬೆಳ್ಳಿ. ಪೀಚೆಕತ್ತಿಯ ಒರೆಯ ಬೆಳ್ಳಿ ಕೆತ್ತನೆಯನ್ನು ಅದ್ದಿ ತೆಗೆಯುವ ದ್ರಾವಣಕ್ಕೆ ಹಾಕಬೇಡಿ. ಒಳಗಿನ ಮರಕ್ಕೆ ದ್ರಾವಣ ಇಳಿಯುತ್ತದೆ. ಒಣ ಮೆತ್ತನೆಯ ಬಟ್ಟೆಯಲ್ಲಿ ಉಬ್ಬಿದ ಭಾಗ ಮಾತ್ರ ಒರೆಸಿ. ಸಂದಿಯ ಕಪ್ಪು ಇದ್ದರೇನೇ ಕೆತ್ತನೆ ಎದ್ದು ಕಾಣುವುದು.

ಹಿತ್ತಾಳೆ. ಗಟ್ಟಿ, ಕಡುಹಸಿರು ಕಿಲುಬು ಇದ್ದರೆ ಟರ್ಪೆಂಟೈನ್ ಮತ್ತು ಬಿದಿರು ಸಾಕು. ತಿಳಿಹಸಿರು ಪುಡಿ ತೆಗೆದ ಮೇಲೂ ಮತ್ತೆ ಮತ್ತೆ ಬಂದರೆ ಅದು ಕಬ್ಬಿಣದ ಕಣ್ಣೀರಿನಂತಹದೇ ರೋಗ. ಪರಿಣತರಿಗೆ ತೋರಿಸಿ.

ದಂತ, ಮೂಳೆ, ಕೊಂಬು. ನೀರು, ಎಣ್ಣೆ ಎರಡೂ ಬೇಡ. ತುದಿಯ ಕಡೆ ನೋಡಿದರೆ ದಂತದಲ್ಲಿ ಒಂದನ್ನೊಂದು ಹಾಯುವ ಸಣ್ಣ ಗೆರೆಗಳ ಬಲೆ ಕಾಣುತ್ತದೆ, ಮೂಳೆಯಲ್ಲಿ ಕಪ್ಪು ಚುಕ್ಕೆಗಳು. ಆನೆದಂತವಾದರೆ ವನ್ಯಜೀವಿ ಕಾಯ್ದೆಯಡಿ ಒಡೆತನದ ಪತ್ರ ಇದೆಯಾ ನೋಡಿಕೊಳ್ಳಿ, ಮಾರುವ ಮಾತಂತೂ ಇಲ್ಲ.

ಮರ, ಚರ್ಮ, ಮಖಮಲ್. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯುವುದಷ್ಟೇ. ಮುಟ್ಟಿದರೆ ಕೆಂಪು ಪುಡಿಯಾಗುವ ಚರ್ಮಕ್ಕೆ ಶೂ ಪಾಲಿಶ್ ಹಚ್ಚಬೇಡಿ. ಮರದಲ್ಲಿ ಗುಂಡುಸೂಜಿ ತೂತು ಇದ್ದು, ಕೆಳಗೆ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಇದೆ. ಒರೆಯನ್ನು ಬೇರೆ ಕಡೆ ಇಡಿ.

## ಹಂತ 8: ಮೇಣ

ಮೇಣದ ಕೆಳಗೆ ಎಣ್ಣೆ ಇರಬಾರದು. ಅಲಗನ್ನು ಹೊಸ ಬಟ್ಟೆ, ಹೊಸ ಟರ್ಪೆಂಟೈನ್‌ನಿಂದ ಎರಡು ಸಲ ಒರೆಸಿ. ಬಿಸಿಲಿನ ದಿನ ಒಂದು ಗಂಟೆ ಒಣಗಲು ಬಿಡಿ. ಇಲ್ಲಿಂದ ಮುಂದೆ ಬರಿಗೈ ತಾಗಿಸಬೇಡಿ. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಎಬ್ಬಿಸುತ್ತದೆ, ಒಂದು ಮಳೆಗಾಲ ಕಳೆದ ಮೇಲೆ ಯಾರು ಮುಟ್ಟಿದ್ದು ಅಂತ ಹೇಳಬಹುದು.

ಮೇಣವನ್ನು ಬಟ್ಟೆಗೆ ಕಡಲೆಕಾಳಿನಷ್ಟು ತೆಗೆದುಕೊಂಡು ತೆಳ್ಳಗೆ ಸವರಿ. ಹತ್ತು ನಿಮಿಷ ಬಿಟ್ಟು ಬೇರೆ ಬಟ್ಟೆಯಲ್ಲಿ ಉಜ್ಜಿ. ಮರುದಿನ ಇನ್ನೊಂದು ಕೋಟು. ದಪ್ಪಗೆ ಮೆತ್ತಿದರೆ ಬೆಳ್ಳಗೆ ಪಟ್ಟೆ ಬೀಳುತ್ತದೆ, ಧೂಳು ಹಿಡಿಯುತ್ತದೆ. ವಾರ್ನಿಷ್, ಪಾರದರ್ಶಕ ಲ್ಯಾಕರ್ ಹೊಡೆಯಬೇಡಿ. ಎಲ್ಲಾದರೂ ಒಂದು ಸಣ್ಣ ಬಿರುಕು ಬಿದ್ದರೆ ಅದರ ಅಡಿಯಲ್ಲಿ ತುಕ್ಕು ಹುಳದಂತೆ ಹರಿದಾಡುತ್ತದೆ. ಡಬ್ಲ್ಯೂಡಿ-40 ಹೊಡೆದು ವರ್ಷಗಟ್ಟಲೆ ಮರೆತುಬಿಡುವುದೂ ಬೇಡ. ಅದು ದೀರ್ಘಕಾಲದ ಕಾವಲಿಗೆ ಮಾಡಿದ್ದಲ್ಲ.

## ಹಂತ 9: ಎಲ್ಲಿ, ಹೇಗೆ ಇಡಬೇಕು

ಕತ್ತಿಯನ್ನು ಒರೆಯೊಳಗೆ ಇಡಬೇಡಿ. ಇದಕ್ಕೆ ನನಗೆ ಎಲ್ಲರಿಂದ ಜಗಳ ಬರುತ್ತದೆ, ಆದರೂ ಹೇಳುತ್ತೇನೆ. ಚರ್ಮ ಹದ ಮಾಡಿದ ಹುಳಿ, ಮರದ ಪಸೆ, ಮಖಮಲ್‌ನ ಧೂಳು ಎಲ್ಲವೂ ಅಲಗಿನ ಮೈಗೆ ಒತ್ತಿಕೊಂಡಿರುತ್ತವೆ. ಎರಡನ್ನೂ ಅಕ್ಕಪಕ್ಕ ಇಡಿ, ಎರಡಕ್ಕೂ ಒಂದೇ ನಂಬರಿನ ಚೀಟಿ ಕಟ್ಟಿ.

ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೇಡ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಬರೀ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರೆ ಒಳಗಿನ ಪಸೆ ಒಳಗೇ ಉಳಿಯುತ್ತದೆ. ಪೇಪರಿನಲ್ಲಿ ಸುತ್ತಬೇಡಿ, ಪೇಪರ್ ಹುಳಿ ಬಿಡುತ್ತದೆ. ಹೊಸ ಪ್ಲೈವುಡ್ ಬೀರು, ಹೊಸ ಪೇಂಟ್ ಬೀರು ಕೂಡ ಲೋಹಕ್ಕೆ ಆಗದ ಆವಿ ಬಿಡುತ್ತವೆ.

ಗಟ್ಟಿ ಮುಚ್ಚಳದ, ರಬ್ಬರ್ ಅಂಚಿನ ಪಾಲಿಪ್ರೊಪಿಲೀನ್ ಡಬ್ಬ ಒಳ್ಳೆಯದು. ತಳಕ್ಕೆ ಬಿಳಿ ಪಾಲಿಥಿನ್ ಫೋಮ್, ಮೂಲೆಯಲ್ಲಿ ಸಿಲಿಕಾ ಜೆಲ್, ಪಕ್ಕದಲ್ಲಿ ಒಂದು ಸಣ್ಣ ತೇವಾಂಶ ಮಾಪಕ. ಒಳಗೆ 45 ಶೇಕಡಕ್ಕಿಂತ ಕೆಳಗೆ ಇದ್ದರೆ ಬರೀ ಕಬ್ಬಿಣಕ್ಕೆ ನೆಮ್ಮದಿ. ಕಿತ್ತಳೆ ಜೆಲ್ ಹಸಿರಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ದಂತ, ಮರದ ಹಿಡಿ ಇದ್ದರೆ ಅಷ್ಟು ಒಣಗಿಸಬೇಡಿ, ಬಿರುಕು ಬಿಡುತ್ತವೆ. ಅಂಥದ್ದಕ್ಕೆ 50 ಶೇಕಡದ ಆಸುಪಾಸು ಇರಲಿ.

ಜೂನ್‌ಗೆ ಮುಂಚೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ತೆರೆದು ನೋಡಿ. ಮೊದಲ ಮಳೆಗಾಲದಲ್ಲಿ ಮಾತ್ರ ತಿಂಗಳಿಗೊಮ್ಮೆ.

## ಹಂತ 10: ಪೂಜೆಯ ದಿನ

ಪೂಜೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆ ಕತ್ತಿ ಇಷ್ಟು ವರ್ಷ ಗುಜರಿಗೆ ಹೋಗದೆ ಉಳಿದಿದ್ದೇ ಪೂಜೆಯಿಂದ. ಆಯುಧಪೂಜೆ ಇರಲಿ, ಕೊಡಗಿನ ಆಯುಧ ಹಬ್ಬ ಕೈಲ್ ಪೊಳ್ದ್ ಇರಲಿ, ಕತ್ತಿ ಹೊರಗೆ ಬರಲೇಬೇಕು. ಸ್ವಲ್ಪ ಬದಲಾವಣೆ ಮಾಡಿಕೊಂಡರೆ ಸಾಕು.

ಒಂದು ವಾರ ಮುಂಚೆ ಇನ್ನೊಂದು ಕೋಟು ಮೇಣ ಹಚ್ಚಿ. ಕತ್ತಿಯ ಕೆಳಗೆ ಬಾಳೆಲೆ ಹಾಸುವ ಬದಲು ಒಣಗಿದ ರೇಷ್ಮೆ ಅಥವಾ ಹತ್ತಿ ವಸ್ತ್ರ ಹಾಸಿ. ಗಂಧ, ಕುಂಕುಮವನ್ನು ಒಂದು ವೀಳ್ಯದೆಲೆಗೆ ಹಚ್ಚಿ ಕತ್ತಿಯ ಮುಂದೆ ಇಡಿ. ಅಲಗಿಗೇ ಇಡಬೇಕು ಅಂತ ಹಿರಿಯರು ಹೇಳಿದರೆ ಒಣ ಕುಂಕುಮ ಒಂದೇ ಚುಕ್ಕೆ ಇಡಿ, ಪ್ರತಿ ವರ್ಷ ಬೇರೆ ಜಾಗಕ್ಕೆ. ನಿಂಬೆಹಣ್ಣನ್ನು ಮೊನೆಗೆ ಚುಚ್ಚಬೇಡಿ, ಪಕ್ಕದ ತಟ್ಟೆಯಲ್ಲಿ ಇಡಿ. ಹೂವು ಹಿಡಿಗೆ ತಾಗದಂತೆ ವಸ್ತ್ರದ ಮೇಲೆ ಬರಲಿ. ತೋಕ್ ಪೂ, ಅಂದರೆ ಕೋವಿ ಹೂವು, ಇಡುವ ಕೊಡಗಿನ ಮನೆಗಳಲ್ಲಿಯೂ ಇದೇ ರೀತಿ ಮಾಡಬಹುದು.

ಆ ರಾತ್ರಿಯೇ ಎಲ್ಲ ತೆಗೆಯಿರಿ, ಮರುದಿನ ವಿಸರ್ಜನೆಯವರೆಗೆ ಬಿಡಬೇಕಾದರೆ ಹೂವು, ಕುಂಕುಮವನ್ನಾದರೂ ತೆಗೆಯಿರಿ. ಒಣ ಬಟ್ಟೆಯಲ್ಲಿ ಒರೆಸಿ, ಟರ್ಪೆಂಟೈನ್‌ನಲ್ಲಿ ಒಮ್ಮೆ ಸವರಿ, ಒಣಗಿದ ಮೇಲೆ ಮೇಣ. ಮನೆಯ ಮಕ್ಕಳಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡಿ. ಆಮೇಲೆ ಮೂರನೇ ಹಂತದಲ್ಲಿ ಬರೆದ ಹಾಳೆ ತೆಗೆದು, ತಾರೀಕು ಹಾಕಿ, ಏನು ಹಚ್ಚಿದಿರಿ ಅಂತ ಅವರ ಕೈಯಲ್ಲೇ ಬರೆಸಿ.